ಪಿಯುಸಿ ಆದಮೇಲೆ ಸೇನಾಧಿಕಾರಿ: ಎನ್‌ಡಿಎ, ಟಿಇಎಸ್, ಎಝಿಮಲ, ಇಲ್ಲಾ ಡಿಗ್ರಿ ಮುಗಿಸಿ ಸಿಡಿಎಸ್?

"ಸರ್, ಎನ್‌ಡಿಎಗೆ ಅರ್ಜಿ ಹಾಕ್ಬೇಕು" ಅಂತ ಬರುವ ಪಿಯುಸಿ ಮಕ್ಕಳಿಗೆ ನಾನು ಮೊದಲು ಕೇಳುವುದು ಇದನ್ನೇ: "ಜೆಇಇ ಮೇನ್‌ಗೆ ಹಾಕಿದ್ದೀಯೇನಪ್ಪಾ?" ಬಹಳ ಮಂದಿ ಹಾಕಿರುವುದಿಲ್ಲ. ಅದಕ್ಕೂ ಮಿಲಿಟರಿಗೂ ಏನು ಸಂಬಂಧ ಅಂತ ಮುಖ ನೋಡುತ್ತಾರೆ.

ಸಂಬಂಧ ಇದೆ. ಪಿಯುಸಿ ಮುಗಿಸಿ ನೇರವಾಗಿ ಅಧಿಕಾರಿಯ ತರಬೇತಿಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಎಲ್ಲರಿಗೂ ಹೆಸರು ಗೊತ್ತಿರುವ ಎನ್‌ಡಿಎ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ. ಎರಡನೆಯದು ಭೂಸೇನೆಯ 10+2 ಟೆಕ್ನಿಕಲ್ ಎಂಟ್ರಿ, ಅಂದರೆ ಟಿಇಎಸ್. ಮೂರನೆಯದು ನೌಕಾಪಡೆಯ 10+2 ಬಿ.ಟೆಕ್ ಕೆಡೆಟ್ ಎಂಟ್ರಿ. ಈ ಕೊನೆಯ ಎರಡಕ್ಕೆ ಬೇರೆ ಲಿಖಿತ ಪರೀಕ್ಷೆಯೇ ಇಲ್ಲ. ಜೆಇಇ ಮೇನ್ ರ್‍ಯಾಂಕ್ ನೋಡಿಯೇ ಸಂದರ್ಶನಕ್ಕೆ ಕರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಸಾಕು, ಜೊತೆಗೆ ಬೇಕಿದ್ದರೆ ಕಾಮೆಡ್‌ಕೆ. ಹಾಗಾಗಿ "ಐಐಟಿ ಹೇಗೂ ಬೇಡ, ಜೆಇಇ ಸುಮ್ನೆ ಯಾಕೆ?" ಅಂತ ಬಿಟ್ಟುಬಿಡುತ್ತಾರೆ. ಬಿಟ್ಟ ಆ ವರ್ಷ ಮೂರು ದಾರಿಯಲ್ಲಿ ಎರಡು ಮುಚ್ಚಿದ ಹಾಗೆ. ಐಐಟಿ ಮಟ್ಟದ ರ್‍ಯಾಂಕ್ ಬರದಿದ್ದರೂ ಪರವಾಗಿಲ್ಲ, ಪರೀಕ್ಷೆ ಬರೆದಿರಬೇಕು.

ಮೊದಲು ಎರಡು ಗೊಂದಲ ತೀರಿಸಿಬಿಡೋಣ. ಅಗ್ನಿವೀರ್ ಭರ್ತಿ ಬೇರೆ, ಇದು ಬೇರೆ. ಅಗ್ನಿವೀರ್ ಅಂದರೆ ನಾಲ್ಕು ವರ್ಷದ ಸೈನಿಕ ಹುದ್ದೆ, ಇಲ್ಲಿ ಮಾತಾಡುತ್ತಿರುವುದು ಲೆಫ್ಟಿನೆಂಟ್ ಆಗಿ ಶುರುವಾಗುವ ಅಧಿಕಾರಿ ಹುದ್ದೆ. ಇನ್ನು ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳು, ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಇವು ಶಾಲೆಗಳೇ ಹೊರತು ಅಕಾಡೆಮಿಗಳಲ್ಲ. ಅಲ್ಲಿ ಓದಿದವರಿಗೂ ಎನ್‌ಡಿಎಗೆ ನೇರ ಪ್ರವೇಶ ಇಲ್ಲ, ಎಲ್ಲರ ಜೊತೆ ಅದೇ ಪರೀಕ್ಷೆ ಬರೆಯಬೇಕು. ಅಲ್ಲಿ ಓದದವರು ಹಿಂದೆ ಬಿದ್ದೆವು ಅಂದುಕೊಳ್ಳಬೇಕಾಗಿಲ್ಲ.

ಎನ್‌ಡಿಎ: ಹೆಸರು ದೊಡ್ಡದು, ಬಾಗಿಲೂ ದೊಡ್ಡದು

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಯಲ್ಲಿ ಮೂರೂ ಪಡೆಗಳ ಕೆಡೆಟ್‌ಗಳು ಮೂರು ವರ್ಷ ಒಟ್ಟಿಗೆ ಇರುತ್ತಾರೆ. ಆಮೇಲೆ ಭೂಸೇನೆಯವರು ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ (ಐಎಂಎ), ನೌಕಾಪಡೆಯವರು ಕೇರಳದ ಎಝಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಹತ್ತಿರದ ದುಂಡಿಗಲ್‌ಗೆ ಹೋಗುತ್ತಾರೆ. ಅಲ್ಲಿ ಮತ್ತೊಂದು ವರ್ಷ, ಪೈಲಟ್ ಆಗುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಡಿಗ್ರಿ ಜೆಎನ್‌ಯುದು: ಬಿಎ, ಬಿಎಸ್ಸಿ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್. ನೌಕಾಪಡೆ ಮತ್ತು ವಾಯುಪಡೆಯವರಿಗೆ ಬಿ.ಟೆಕ್ ಕೂಡ ಇದೆ, ಅದರ ನಾಲ್ಕನೇ ವರ್ಷ ಮುಂದಿನ ಅಕಾಡೆಮಿಯಲ್ಲಿ.

ಪರೀಕ್ಷೆ ನಡೆಸುವುದು ಯುಪಿಎಸ್‌ಸಿ. ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ. ಗಣಿತ 300 ಅಂಕ, ಸಾಮಾನ್ಯ ಸಾಮರ್ಥ್ಯ 600 ಅಂಕ. ಎರಡನೆಯದರಲ್ಲಿ 200 ಇಂಗ್ಲಿಷಿಗೆ, ಉಳಿದ 400 ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನಕ್ಕೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರನೇ ಒಂದು ಭಾಗ ಕಳೆಯುತ್ತಾರೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಇದು ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು. ಆದರೆ 900ಕ್ಕೆ 290ರಿಂದ 360ರ ನಡುವೆ ಬಂದವರನ್ನೂ ಇತ್ತೀಚಿನ ವರ್ಷಗಳಲ್ಲಿ ಸಂದರ್ಶನಕ್ಕೆ ಕರೆದಿದ್ದಾರೆ ಅನ್ನುವುದನ್ನೂ ನೆನಪಿಡಿ. ಸಿಇಟಿಯ ಲೆಕ್ಕದಲ್ಲಿ ಯೋಚಿಸುವವರಿಗೆ ಇದು ನಂಬಲು ಕಷ್ಟ. ಎರಡೂ ಪೇಪರಿನಲ್ಲಿ ಕನಿಷ್ಠ ಅಂಕ ದಾಟಲೇಬೇಕು, ಅದೊಂದು ಷರತ್ತು.

ಕಲೆ, ವಾಣಿಜ್ಯ ಓದುವವರೂ ಎನ್‌ಡಿಎಯ ಭೂಸೇನಾ ವಿಭಾಗಕ್ಕೆ ಅರ್ಜಿ ಹಾಕಬಹುದು. ನೌಕಾಪಡೆ, ವಾಯುಪಡೆಗೆ ಮಾತ್ರ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕು. ಇಲ್ಲೊಂದು ಕೊಕ್ಕೆ ಇದೆ. ಆರ್ಟ್ಸ್ ಓದಿದವರೂ ಬರೆಯಬೇಕಾದ್ದು ಅದೇ ಗಣಿತದ ಪೇಪರ್. ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಕ್ಯಾಲ್ಕುಲಸ್, ವೆಕ್ಟರ್, ಸಂಭವನೀಯತೆ, ಎಲ್ಲ ಇದೆ. ಎಸೆಸೆಲ್ಸಿಗೇ ಗಣಿತ ಬಿಟ್ಟವರು ಆರು ತಿಂಗಳಲ್ಲಿ ಇದನ್ನು ಕಲಿತು ಬರೆಯುವುದು ಸುಲಭದ ಮಾತಲ್ಲ. ಅಂಥವರಿಗೆ ನಾನು ಡಿಗ್ರಿಯವರಿಗಿರುವ ಸಿಡಿಎಸ್ ಪರೀಕ್ಷೆಯ ಕಡೆ ಕೈ ತೋರಿಸುತ್ತೇನೆ, ಮುಂದೆ ಹೇಳುತ್ತೇನೆ.

ವಯಸ್ಸು ಕೋರ್ಸ್ ಶುರುವಾಗುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಮದುವೆ ಆಗಿರಬಾರದು. ನಮ್ಮವರು ಮರೆಯುವುದು ಇನ್ನೊಂದು: ಇಲ್ಲಿ 2ಎ, 3ಬಿ, ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮ ಮೀಸಲು ಯಾವುದೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಸೀಟಿನಲ್ಲಾಗಲಿ ವಯಸ್ಸಿನಲ್ಲಾಗಲಿ ರಿಯಾಯಿತಿ ಇಲ್ಲ, 100 ರೂಪಾಯಿ ಶುಲ್ಕದ ವಿನಾಯಿತಿ ಮಾತ್ರ ಇದೆ. ಹುಡುಗಿಯರಿಗೂ ಆ ಶುಲ್ಕ ಇಲ್ಲ.

ಯಾವ ತಿಂಗಳ ಪರೀಕ್ಷೆ ಬರೆಯಬೇಕು ಅನ್ನುವುದರ ಮೇಲೆ ಬಹಳ ನಿಂತಿದೆ. ಏಪ್ರಿಲ್‌ನ ಪರೀಕ್ಷೆ ಬರೆದರೆ ಅಕಾಡೆಮಿಗೆ ಸೇರುವುದು ಮುಂದಿನ ಜನವರಿಯಲ್ಲಿ. ಸೆಪ್ಟೆಂಬರ್‌ನದು ಬರೆದರೆ ಮುಂದಿನ ಜುಲೈಗೆ. ಹಾಗಾದರೆ ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಸೆಪ್ಟೆಂಬರ್‌ನಲ್ಲಿ ಬರೆದವರು, ಎಲ್ಲ ಸರಿಯಾಗಿ ನಡೆದರೆ, ಪಿಯುಸಿ ಫಲಿತಾಂಶ ಹಿಡಿದುಕೊಂಡು ನೇರವಾಗಿ ಖಡಕ್‌ವಾಸ್ಲಾಕ್ಕೆ ಹೋಗುತ್ತಾರೆ. ಪಿಯುಸಿ ಮುಗಿಸಿ ಏಪ್ರಿಲ್‌ನಲ್ಲಿ ಬರೆಯುವವರು ಮಧ್ಯೆ ಯಾವುದಾದರೂ ಕಾಲೇಜಿಗೆ ಸೇರಿ, ಫೀಸು ಕಟ್ಟಿ, ಡಿಸೆಂಬರ್‌ನಲ್ಲಿ ಬಿಟ್ಟು ಬರಬೇಕು. ಎರಡನ್ನೂ ಬರೆಯಬಹುದು, ಬರೆಯಿರಿ. ಸೆಪ್ಟೆಂಬರ್‌ನದನ್ನು ಮಾತ್ರ "ಮುಂದಿನ ವರ್ಷ ನೋಡೋಣ" ಅಂತ ಬಿಡಬೇಡಿ.

ಅರ್ಜಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ, ನೇವಲ್ ಅಕಾಡೆಮಿ, ಇವುಗಳನ್ನು ಇಷ್ಟದ ಕ್ರಮದಲ್ಲಿ ಹಾಕಬೇಕು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವವರು ಇಲ್ಲಿ ಎಡವುತ್ತಾರೆ. ಒಂದನ್ನೇ ಹಾಕಿ ಉಳಿದದ್ದು ಖಾಲಿ ಬಿಡುತ್ತಾರೆ. ಹಾಕದಿದ್ದ ಪಡೆಗೆ ನಿಮ್ಮನ್ನು ಪರಿಗಣಿಸುವುದೇ ಇಲ್ಲ. ಮೊದಲ ಆಯ್ಕೆ ವಾಯುಪಡೆ ಅಂತ ಹಾಕಿದರೆ ಮೈಸೂರಿನಂಥ ವಾಯುಪಡೆ ಆಯ್ಕೆ ಮಂಡಳಿಗೆ ಕರೆ ಬರಬಹುದು. ಪೈಲಟ್ ಆಗುವವರಿಗೆ ಅಲ್ಲಿ ಸಿಪಿಎಸ್‌ಎಸ್ ಅನ್ನುವ ಪರೀಕ್ಷೆ ಇದೆ, ಯಂತ್ರದ ಮುಂದೆ ಕೂರಿಸಿ ಕೈ, ಕಾಲು, ಕಣ್ಣು ಒಟ್ಟಿಗೆ ಹೇಗೆ ಓಡುತ್ತವೆ ಅಂತ ನೋಡುವುದು. ಅದರಲ್ಲಿ ಒಂದು ಸಲ ಫೇಲಾದರೆ ಜೀವಮಾನದಲ್ಲಿ ಮತ್ತೆ ಅವಕಾಶ ಇಲ್ಲ. "ಹೋಗಿ ಒಂದ್ಸಲ ನೋಡ್ಕೊಂಡ್ ಬರೋಣ" ಅನ್ನುವ ಜಾಗ ಅಲ್ಲ ಅದು.

ಟಿಇಎಸ್: ನಮ್ಮವರು ಕಡೆಗಣಿಸುವ ಬಾಗಿಲು

ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ 60 ಪರ್ಸೆಂಟ್, ಅದೇ ವರ್ಷದ ಜೆಇಇ ಮೇನ್ ಬರೆದಿರಬೇಕು. ಇಷ್ಟೇ. ವಯಸ್ಸಿನ ಮಿತಿ ಎನ್‌ಡಿಎ ಥರವೇ. ಭೂಸೇನೆಯ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಜೆಇಇ ಸ್ಥಾನದ ಮೇಲೆ ಪಟ್ಟಿ ಮಾಡಿ ಎಸ್‌ಎಸ್‌ಬಿಗೆ, ಅಂದರೆ ಐದು ದಿನದ ಆಯ್ಕೆ ಸಂದರ್ಶನಕ್ಕೆ, ಕರೆಯುತ್ತಾರೆ. ಒಂದು ಕೋರ್ಸಿಗೆ 90 ಜಾಗ, ವರ್ಷಕ್ಕೆ ಎರಡು ಕೋರ್ಸು. ಹುಡುಗರಿಗೆ ಮಾತ್ರ.

ತರಬೇತಿ ಈಗ ಒಟ್ಟು ನಾಲ್ಕು ವರ್ಷ. ಹಿಂದೆ ಐದಿತ್ತು, ಹಳೆಯ ವಿಡಿಯೊ ನೋಡಿ ಐದು ಅಂತಲೇ ಹೇಳುವವರು ಇನ್ನೂ ಇದ್ದಾರೆ. ಮೊದಲ ಮೂರು ವರ್ಷ ಪುಣೆಯ ಸಿಎಂಇ, ಮಧ್ಯಪ್ರದೇಶದ ಮಹೂನಲ್ಲಿರುವ ಎಂಸಿಟಿಇ ಅಥವಾ ಸಿಕಂದರಾಬಾದಿನ ಎಂಸಿಇಎಂಇ, ಈ ಮೂರು ಸೇನಾ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಕಡೆ. ಕೊನೆಯ ವರ್ಷ ಐಎಂಎ. ಕೈಗೆ ಎಂಜಿನಿಯರಿಂಗ್ ಡಿಗ್ರಿ ಬರುತ್ತದೆ, ಸಿಗುವುದು ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿವರೆಗಿನ ಅಧಿಕಾರಿ ಹುದ್ದೆ.

ಎನ್‌ಡಿಎಗೂ ಇದಕ್ಕೂ ಏನು ವ್ಯತ್ಯಾಸ ಅಂತ ಪೋಷಕರು ಕೇಳಿದರೆ ನಾನು ಡಿಗ್ರಿಯ ಬಗ್ಗೆ ಅಲ್ಲ, ಕೆಲಸದ ಬಗ್ಗೆ ಹೇಳುತ್ತೇನೆ. ಎನ್‌ಡಿಎಯಿಂದ ಭೂಸೇನೆಗೆ ಹೋದವರಿಗೆ ಇನ್‌ಫೆಂಟ್ರಿ, ಟ್ಯಾಂಕ್ ರೆಜಿಮೆಂಟ್, ಆರ್ಟಿಲರಿ ಎಲ್ಲ ತೆರೆದಿರುತ್ತದೆ. ಟಿಇಎಸ್‌ನವರು ಹೆಚ್ಚಾಗಿ ಎಂಜಿನಿಯರ್ಸ್, ಸಿಗ್ನಲ್ಸ್, ಇಎಂಇ ಕಡೆ ಹೋಗುತ್ತಾರೆ. ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು, ಸಂಪರ್ಕ ಜಾಲ ನೋಡಿಕೊಳ್ಳುವುದು, ಟ್ಯಾಂಕಿನಿಂದ ಹಿಡಿದು ರೇಡಾರ್‌ವರೆಗೆ ರಿಪೇರಿ ಮಾಡಿಸುವುದು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ ನೋಡಿದವರಿಗೆ ಗೊತ್ತಿರುತ್ತದೆ, ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನಾ ಎಂಜಿನಿಯರ್ ದಳದ ನೆಲೆ ಅದು. "ಎಂಜಿನಿಯರ್ ಅಂದ್ರೆ ಆಫೀಸ್ ಕೆಲಸ" ಅಂದುಕೊಂಡು ಸಮಾಧಾನ ಮಾಡಿಕೊಳ್ಳುವ ಅಮ್ಮಂದಿರಿಗೆ ಇಷ್ಟು ಹೇಳಬೇಕು: ಸೈನ್ಯ ಮುಂದಕ್ಕೆ ಹೋಗುವ ಮೊದಲು ದಾರಿ ಮಾಡಿಕೊಡಲು ಹೋಗುವವರೇ ಸ್ಯಾಪರ್‌ಗಳು.

ಟಿಇಎಸ್‌ಗೆ ಪಿಯುಸಿ ಫಲಿತಾಂಶ ಬಂದ ಮೇಲೆಯೇ ಅರ್ಜಿ. ಬೇಸಿಗೆಯಲ್ಲಿ ಹಾಕಿದವರು ಜನವರಿಗೆ, ಅಕ್ಟೋಬರ್ ಸುಮಾರಿಗೆ ಹಾಕಿದವರು ಮುಂದಿನ ಜುಲೈಗೆ ಸೇರುತ್ತಾರೆ. ಹಾಗಾಗಿ ಇಲ್ಲಿ ಸಿಇಟಿ ಸೀಟು ಹಿಡಿದು ಕಾಲೇಜಿಗೆ ಸೇರಿಕೊಂಡಿರುವುದು ಮಾಮೂಲು. ಆ ಒಂದು ಸೆಮಿಸ್ಟರ್‌ನ ಫೀಸು ಹೋದರೆ ಹೋಯಿತು ಅನ್ನಿ. ಆಯ್ಕೆ ಆಗದಿದ್ದರೆ ಆ ಸೀಟೇ ಗತಿ ಅಲ್ವಾ? ಫೀಸು ಜಾಸ್ತಿ ಇರುವ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕಟ್ಟಿ ಆಮೇಲೆ ಎಸ್‌ಎಸ್‌ಬಿಗೆ ಕಾಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸರ್ಕಾರಿ ಕೋಟಾದ ಸೀಟು ಸಾಕು.

ಎಝಿಮಲ: ಮಂಗಳೂರಿಗೆ ಹತ್ತಿರ, ಮನಸ್ಸಿಗೆ ದೂರ

ಇಂಡಿಯನ್ ನೇವಲ್ ಅಕಾಡೆಮಿ ಇರುವುದು ಕಣ್ಣೂರು ಜಿಲ್ಲೆಯ ಎಝಿಮಲದಲ್ಲಿ. 2009ರಲ್ಲಿ ಉದ್ಘಾಟನೆ ಆಯಿತು. ಮಂಗಳೂರಿನಿಂದ ಕಣ್ಣೂರು ಕಡೆ ಹೋಗುವ ರೈಲು ಹತ್ತಿ ಪಯ್ಯನ್ನೂರಿನಲ್ಲಿ ಇಳಿದರೆ ಹತ್ತಿರ. ಕರಾವಳಿಯ ಮಕ್ಕಳೂ ನೌಕಾಪಡೆಯ ಬಗ್ಗೆ ಯೋಚಿಸುವುದು ಅಪರೂಪ, ನನಗೆ ಕಾರಣ ಗೊತ್ತಾಗಿಲ್ಲ. ಕಾರವಾರದಲ್ಲಿ ಅಷ್ಟು ದೊಡ್ಡ ನೌಕಾನೆಲೆ ಇಟ್ಟುಕೊಂಡೂ!

ಇಲ್ಲಿಗೆ ಪಿಯುಸಿಯಿಂದ ಎರಡು ಥರ ಹೋಗಬಹುದು. ಎನ್‌ಡಿಎ ಪರೀಕ್ಷೆಯ ಅರ್ಜಿಯಲ್ಲೇ "ನೇವಲ್ ಅಕಾಡೆಮಿ" ಅಂತ ಒಂದು ಆಯ್ಕೆ ಇದೆ, ಅದು ಒಂದು. ಇನ್ನೊಂದು ಜೆಇಇ ಮೇನ್ ಮೂಲಕ ಬರುವ 10+2 ಬಿ.ಟೆಕ್ ಎಂಟ್ರಿ. ಇದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ 70 ಪರ್ಸೆಂಟ್ ಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷಿನಲ್ಲಿ 50. ವಯಸ್ಸು ಹದಿನೇಳರಿಂದ ಹತ್ತೊಂಬತ್ತೂವರೆ. ಎರಡರಲ್ಲೂ ನಾಲ್ಕು ವರ್ಷ ಎಝಿಮಲದಲ್ಲೇ ಇದ್ದು ಬಿ.ಟೆಕ್ ಮುಗಿಸುತ್ತಾರೆ, ಡಿಗ್ರಿ ಜೆಎನ್‌ಯುದು. ಟಿಇಎಸ್ ಹುಡುಗರಿಗೆ ಮಾತ್ರ ಅಂದೆನಲ್ಲ, ನೌಕಾಪಡೆಯ ಈ ಎಂಟ್ರಿಗೆ ಈಗ ಹುಡುಗಿಯರೂ ಅರ್ಜಿ ಹಾಕಬಹುದು.

ಎಂಜಿನಿಯರಿಂಗ್ ಇಷ್ಟ, ಗಣಿತ ಚೆನ್ನಾಗಿದೆ, ಹಡಗಿನಲ್ಲಿ ತಿಂಗಳುಗಟ್ಟಲೆ ಇರಬಲ್ಲೆ ಅನ್ನುವವರಿಗೆ ಇದು ಬಹಳ ಒಳ್ಳೆಯ ದಾರಿ. ಮನೆಗೆ ವಾರಕ್ಕೊಮ್ಮೆ ಫೋನ್ ಮಾಡದಿದ್ದರೆ ಅಮ್ಮ ಊಟ ಬಿಡುತ್ತಾರೆ ಅನ್ನುವ ಮನೆಯವರು ಮೊದಲು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಎಲ್ಲ ದಾರಿಯೂ ಸೇರುವ ಜಾಗ: ಎಸ್‌ಎಸ್‌ಬಿ

ಯಾವ ದಾರಿ ಹಿಡಿದರೂ ಎಸ್‌ಎಸ್‌ಬಿ ತಪ್ಪಿದ್ದಲ್ಲ. ಐದು ದಿನದ ಆಯ್ಕೆ. ಎನ್‌ಡಿಎಯಲ್ಲಿ ಲಿಖಿತಕ್ಕೆ 900 ಅಂಕ ಆದರೆ ಎಸ್‌ಎಸ್‌ಬಿಗೂ 900. ಕೋಚಿಂಗ್‌ನವರು ಲಿಖಿತಕ್ಕೆ ಎರಡು ವರ್ಷ ತೆಗೆದುಕೊಂಡು ಇದಕ್ಕೆ ಹದಿನೈದು ದಿನದ ಕ್ರ್ಯಾಶ್ ಕೋರ್ಸ್ ಮಾರುತ್ತಾರೆ. ನನ್ನ ಪ್ರಕಾರ ಎರಡೂ ತಪ್ಪು ಲೆಕ್ಕ.

ಬೆಂಗಳೂರಿನಲ್ಲಿ ಭೂಸೇನೆಯ ದಕ್ಷಿಣ ಆಯ್ಕೆ ಕೇಂದ್ರ ಇದೆ, ನೌಕಾಪಡೆಯದೂ ಇದೆ, ಮೈಸೂರಿನಲ್ಲಿ ವಾಯುಪಡೆಯದು. ನಿಮಗೆ ಭೋಪಾಲವೋ ಪ್ರಯಾಗರಾಜವೋ ಬಂದರೂ ಆಶ್ಚರ್ಯ ಇಲ್ಲ. ಒಂದು ಬಗೆಯ ಕಮಿಷನ್‌ಗೆ ಮೊದಲ ಸಲ ಹೋಗುವವರಿಗೆ ರೈಲಿನ ಖರ್ಚು ಕೊಡುತ್ತಾರೆ. ಟಿಕೆಟ್ ಜೋಪಾನ.

ಮೊದಲ ದಿನ ಸ್ಕ್ರೀನಿಂಗ್. ತರ್ಕದ ಪ್ರಶ್ನೆಗಳ ಒಂದು ಪೇಪರ್. ಆಮೇಲೆ ಪರದೆ ಮೇಲೆ ಮಸುಕಾದ ಒಂದು ಚಿತ್ರ, ಮೂವತ್ತು ಸೆಕೆಂಡ್. ಚಿತ್ರ ಬೇಕೆಂದೇ ಮಂಜಾಗಿರುತ್ತದೆ. ಅಲ್ಲಿ ಎಷ್ಟು ಜನ ಇದ್ದಾರೆ, ಯಾವ ವಯಸ್ಸು, ಏನು ನಡೆಯುತ್ತಿದೆ ಅಂತ ನಿಮಗೆ ಕಂಡದ್ದರ ಮೇಲೆ ನಾಲ್ಕು ನಿಮಿಷದಲ್ಲಿ ಒಂದು ಕಥೆ. ನಂತರ ಹದಿನೈದು ಜನರ ಆಸುಪಾಸಿನ ಗುಂಪಿನಲ್ಲಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಕಥೆ ಹೇಳಿ, ಎಲ್ಲರೂ ಸೇರಿ ಒಂದು ಕಥೆಗೆ ಒಪ್ಪಬೇಕು. ಇಲ್ಲಿ ಮೀನು ಮಾರ್ಕೆಟ್ ಆಗುತ್ತದೆ. ಎಲ್ಲರೂ ಕಿರುಚುತ್ತಾರೆ. ಕಿರುಚಿದವರು ಉಳಿಯುತ್ತಾರೆ ಅನ್ನುವುದು ಸುಳ್ಳು, ಬಾಯಿ ಬಿಡದವರು ಉಳಿಯುತ್ತಾರೆ ಅನ್ನುವುದು ಇನ್ನೂ ದೊಡ್ಡ ಸುಳ್ಳು. ಅದೇ ದಿನ ಫಲಿತಾಂಶ ಬರುತ್ತದೆ. ಹೆಸರಿನ ಬದಲು ಎದೆಯ ಮೇಲೆ ಕಟ್ಟಿಕೊಂಡ ಚೆಸ್ಟ್ ನಂಬರ್ ಕೂಗುತ್ತಾರೆ. ನಂಬರ್ ಬರದವರು ಬ್ಯಾಗ್ ಎತ್ತಿಕೊಂಡು ಆ ದಿನವೇ ಊರಿಗೆ.

ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆ. ಹನ್ನೊಂದು ಚಿತ್ರ ಮತ್ತು ಒಂದು ಖಾಲಿ ಸ್ಲೈಡ್, ಪ್ರತಿಯೊಂದಕ್ಕೂ ಒಂದು ಕಥೆ. ಆಮೇಲೆ ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡ್. ಪದ ಕಂಡ ಕೂಡಲೇ ತೋಚಿದ ವಾಕ್ಯ ಬರೆಯಬೇಕು. ಆಮೇಲೆ ಅರವತ್ತು ಸನ್ನಿವೇಶ, ಅರ್ಧ ಗಂಟೆ: ರೈಲಿನಲ್ಲಿ ಹೋಗುವಾಗ ಪಕ್ಕದ ಬೋಗಿಯಲ್ಲಿ ಹೊಗೆ ಕಂಡರೆ ಏನು ಮಾಡುತ್ತೀರಿ, ಈ ಥರದ್ದು. ಗೈಡ್ ಪುಸ್ತಕದ ವಾಕ್ಯ ಬಾಯಿಪಾಠ ಮಾಡಿದವರು ಮೂವತ್ತನೇ ಪದದ ಹೊತ್ತಿಗೆ ಖಾಲಿ ಆಗಿರುತ್ತಾರೆ. ಅಲ್ಲಿಂದ ಮುಂದೆ ಬರೆಯುವುದು ಅವರ ಸ್ವಂತದ್ದು.

ಮೂರನೇ ಭಾಗ ಮೈದಾನದಲ್ಲಿ. ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಡೀ ಗುಂಪು ಹೋಗಬೇಕು, ನೆಲ ಮುಟ್ಟುವಂತಿಲ್ಲ, ಕೆಂಪು ಬಣ್ಣ ಬಳಿದ ಜಾಗಕ್ಕೆ ಕೈಯೂ ತಾಗಬಾರದು. ಹಳ್ಳಿಯಿಂದ ಬಂದ, ಇಂಗ್ಲಿಷ್ ತಡವರಿಸುವ ಮಕ್ಕಳು ಇಲ್ಲಿ ಹಿಂಜರಿಯಬೇಕಾದ್ದೇ ಇಲ್ಲ. ಹಗ್ಗಕ್ಕೆ ಗಂಟು ಹಾಕಿ ದಿಮ್ಮಿ ಸಾಗಿಸುವುದನ್ನು ತೋಟದಲ್ಲಿ ಕಲಿತವರಿಗೆ ಹೇಳಿಕೊಡಬೇಕಾ? ಆದರೆ ಐಡಿಯಾ ಹೊಳೆದಾಗ ಬಾಯಿಬಿಟ್ಟು ಹೇಳಬೇಕು. ಮುರುಕು ಇಂಗ್ಲಿಷಾದರೂ ಸರಿ. ವ್ಯಾಕರಣಕ್ಕೆ ಅಲ್ಲಿ ಯಾರೂ ಅಂಕ ಹಾಕುವುದಿಲ್ಲ. ಮಾತು ಹೊರಗೆ ಬರದಿದ್ದರೆ ಮಾತ್ರ ನಿಮ್ಮ ತಲೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಾಗುವ ದಾರಿ ಇಲ್ಲ. ಪಿಯುಸಿ ಎರಡು ವರ್ಷ ದಿನಕ್ಕೆ ಹತ್ತು ನಿಮಿಷ ಗೆಳೆಯರ ಜೊತೆ ಇಂಗ್ಲಿಷಿನಲ್ಲಿ ಜಗಳ ಆಡಿದರೂ ಸಾಕು, ಹದಿನೈದು ದಿನದ ಕೋರ್ಸಿಗಿಂತ ಅದು ವಾಸಿ.

ಐದು ದಿನದೊಳಗೆ ಒಬ್ಬ ಅಧಿಕಾರಿಯ ಜೊತೆ ಸಂದರ್ಶನವೂ ಮುಗಿಯುತ್ತದೆ. ಅಪ್ಪ ಏನು ಮಾಡುತ್ತಾರೆ, ಯಾವ ಟೀಚರ್ ಇಷ್ಟ, ಯಾಕೆ, ಗೆಳೆಯರ ಜೊತೆ ಜಗಳ ಆದರೆ ಏನು ಮಾಡುತ್ತೀಯ, ಹೀಗೆ ಒಂದರ ಹಿಂದೆ ಒಂದು ಕೇಳುತ್ತಾರೆ. ಸುಳ್ಳು ಹೇಳಿದವರು ಮೂರನೇ ಉಪಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಈಗ ಹೋಲಿಕೆಯ ಮುಖ್ಯ ಮಾತು. ಎನ್‌ಡಿಎ, ಟಿಇಎಸ್, ನೌಕಾಪಡೆಯ ಬಿ.ಟೆಕ್, ಮೂರಕ್ಕೂ ಎಸ್‌ಎಸ್‌ಬಿ ಬೇರೆ ಬೇರೆ. ಅಂದರೆ ಮೂರಕ್ಕೂ ಅರ್ಜಿ ಹಾಕಿದವರಿಗೆ ಒಂದೇ ವರ್ಷದಲ್ಲಿ ಎರಡು ಮೂರು ಸಲ ಎಸ್‌ಎಸ್‌ಬಿ ಎದುರಿಸುವ ಅವಕಾಶ ಸಿಗಬಹುದು. ಮೊದಲ ಸಲ ಸ್ಕ್ರೀನಿಂಗ್‌ನಲ್ಲೇ ವಾಪಸ್ ಬಂದವರು ಮುಂದಿನ ಸಲ ಆಯ್ಕೆ ಆಗುವುದು ಅಪರೂಪವೇನಲ್ಲ. ಹಾಗಾಗಿ ಅರ್ಜಿ ಹಾಕುವ ಹಂತದಲ್ಲಿ "ಇದೋ ಅದೋ" ಅಂತ ತಲೆ ಕೆಡಿಸಿಕೊಳ್ಳಬೇಡಿ. ಅರ್ಹತೆ ಇರುವ ಎಲ್ಲಕ್ಕೂ ಹಾಕಿ. ಆಯ್ಕೆಯ ಪ್ರಶ್ನೆ ಬರುವುದು ಎರಡು ಕಡೆಯಿಂದ ಪತ್ರ ಬಂದಾಗ ಮಾತ್ರ.

ಹುಡುಗಿಯರಿಗೆ

2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟ ಮೇಲೆ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ಹೊರಬಂದರು. ಸೀಟು ಈಗಲೂ ಕಡಿಮೆ. 2025ರ ಎರಡನೇ ಪರೀಕ್ಷೆಯಲ್ಲಿ ಭೂಸೇನೆಯ 208 ಜಾಗದಲ್ಲಿ ಮಹಿಳೆಯರಿಗೆ 10. ಹಾಗಾಗಿ ಹುಡುಗಿಯರಿಗೆ ಕಟ್‌ಆಫ್‌ಗಿಂತ ಸಾಕಷ್ಟು ಮೇಲೆ ಅಂಕ ಇದ್ದರೆ ಒಳ್ಳೆಯದು.

ಪಿಸಿಬಿ ಓದುವ ಹುಡುಗಿಯರು ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯನ್ನು ಮರೆಯಬಾರದು. ನೀಟ್ ಮೂಲಕ 145 ಎಂಬಿಬಿಎಸ್ ಸೀಟು, ಅದರಲ್ಲಿ 30 ಹುಡುಗಿಯರಿಗೆ. ಓದು ಮುಗಿದ ಮೇಲೆ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಸೇವೆ ಸಲ್ಲಿಸಲೇಬೇಕು. ನೀಟ್ ರ್‍ಯಾಂಕ್ ತುಂಬಾ ಚೆನ್ನಾಗಿರಬೇಕು ಅನ್ನುವುದು ಬೇರೆ ಮಾತು.

ಕಾಯುವುದೂ ಒಂದು ದಾರಿ: ಸಿಡಿಎಸ್ ಮತ್ತು ಇತರೆ

ಹತ್ತೊಂಬತ್ತೂವರೆ ದಾಟಿತು, ಇಲ್ಲಾ ಗಣಿತ ಕೈಕೊಟ್ಟಿತು, ಇಲ್ಲಾ ಆಸೆ ಹುಟ್ಟಿದ್ದೇ ಡಿಗ್ರಿಗೆ ಬಂದ ಮೇಲೆ. ಇಂಥವರಿಗೆ ಸಿಡಿಎಸ್. ಇದೂ ಯುಪಿಎಸ್‌ಸಿಯದ್ದೇ, ವರ್ಷಕ್ಕೆ ಎರಡು ಸಲ. ಐಎಂಎಗೆ ಯಾವ ಡಿಗ್ರಿಯಾದರೂ ಆಯಿತು. ನೇವಲ್ ಅಕಾಡೆಮಿಗೆ ಎಂಜಿನಿಯರಿಂಗ್ ಬೇಕು. ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ (ಒಟಿಎ) ಮತ್ತೆ ಯಾವ ಡಿಗ್ರಿಯಾದರೂ ಸರಿ, ಹುಡುಗಿಯರೂ ಹೋಗಬಹುದು, ಗಣಿತದ ಪೇಪರ್ ಬರೆಯುವುದೇ ಬೇಡ. ಉಳಿದ ಅಕಾಡೆಮಿಗಳಿಗೆ ಗಣಿತ ಇದೆ, ಆದರೆ ಹತ್ತನೇ ತರಗತಿ ಮಟ್ಟದ್ದು. ಪಿಯುಸಿ ಆರ್ಟ್ಸ್ ಮಕ್ಕಳಿಗೆ ನಾನು ಇದನ್ನೇ ಹೇಳುತ್ತಿದ್ದುದು.

ಐಎಂಎ ಮತ್ತು ಒಟಿಎ ನಡುವೆ ಗೊಂದಲ ಬೇಡ. ಐಎಂಎಯಲ್ಲಿ 18 ತಿಂಗಳ ತರಬೇತಿ, ಪರ್ಮನೆಂಟ್ ಕಮಿಷನ್. ಒಟಿಎಯಲ್ಲಿ 49 ವಾರ, ಶಾರ್ಟ್ ಸರ್ವಿಸ್: ಹತ್ತು ವರ್ಷ, ಬೇಕಿದ್ದರೆ ಇನ್ನು ನಾಲ್ಕು ವರ್ಷ. ಮಧ್ಯೆ ಪರ್ಮನೆಂಟ್ ಆಗುವ ಅವಕಾಶ ಉಂಟು, ಖಾತ್ರಿ ಇಲ್ಲ. ಪೆನ್ಷನ್‌ಗೆ 20 ವರ್ಷದ ಸೇವೆ ಬೇಕು, ಹಾಗಾಗಿ ಹತ್ತು ಹದಿನಾಲ್ಕು ವರ್ಷಕ್ಕೆ ಹೊರಬಂದವರಿಗೆ ಸಿಗುವುದಿಲ್ಲ. ಅವರು ಮೂವತ್ತೈದು ವಯಸ್ಸಿನ ಆಸುಪಾಸಿನಲ್ಲಿ ಹೊಸ ಕೆಲಸ ಹುಡುಕಬೇಕು. ಕೆಲವರಿಗೆ ಅದೇ ಬೇಕಿರುತ್ತದೆ.

ಡಿಗ್ರಿ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿಕೊಳ್ಳಿ. 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ 'ಬಿ' ಗ್ರೇಡ್, ಡಿಗ್ರಿಯಲ್ಲಿ 50 ಪರ್ಸೆಂಟ್ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದೆ ಎಸ್‌ಎಸ್‌ಬಿಗೆ ಕರೆಯುವ ವಿಶೇಷ ಎಂಟ್ರಿ ಇದೆ. ವಾಯುಪಡೆಗೆ ಎಎಫ್‌ಕ್ಯಾಟ್ ಅನ್ನುವ ಪರೀಕ್ಷೆ ಬೇರೆಯೇ ಇದೆ. ಅದರ ತಾಂತ್ರಿಕ ವಿಭಾಗಕ್ಕೆ ಆಯ್ಕೆಯಾದವರು ದುಂಡಿಗಲ್ ಆದಮೇಲೆ ಬೆಂಗಳೂರಿನ ಜಾಲಹಳ್ಳಿಗೆ ಬರುತ್ತಾರೆ.

ಕಾಯುವುದಕ್ಕೆ ಬೆಲೆ ಇದೆ. ಹದಿನೆಂಟಕ್ಕೆ ಸೇರಿದವರು ಇಪ್ಪತ್ತೆರಡಕ್ಕೆ ಲೆಫ್ಟಿನೆಂಟ್ ಆಗುತ್ತಾರೆ. ಸಿಡಿಎಸ್‌ನವರು ಅದಕ್ಕಿಂತ ಎರಡು ಮೂರು ವರ್ಷ ತಡ, ಸೀನಿಯಾರಿಟಿ ಆ ಮಟ್ಟಿಗೆ ಹಿಂದೆ. ಆದರೆ ಇಪ್ಪತ್ತೆರಡರ ಹುಡುಗನಿಗೆ ತಾನು ಯಾಕೆ ಹೋಗುತ್ತಿದ್ದೇನೆ ಅಂತ ಹದಿನೇಳರವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿರಿಯ ಹುದ್ದೆಗಳೆಲ್ಲ ಎನ್‌ಡಿಎಯವರಿಗೇ ಅಂತ ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಜನರಲ್ ತಿಮ್ಮಯ್ಯನವರ ಕಾಲಕ್ಕೆ ಎನ್‌ಡಿಎ ಇರಲೇ ಇಲ್ಲ, ಅವರು ತರಬೇತಿ ಪಡೆದದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ!

ದುಡ್ಡು, ದೇಹ, ಮತ್ತು ಯಾರೂ ಹೇಳದ ಮಾತು

ತರಬೇತಿಗೆ, ಊಟ ವಸತಿಗೆ ಫೀಸಿಲ್ಲ. ಎನ್‌ಡಿಎಯಲ್ಲಿ ಮೂರು ವರ್ಷ ಪಾಕೆಟ್ ಖರ್ಚು ಮನೆಯಿಂದ ಕೊಡಬೇಕು, ಸೇರುವಾಗ ಒಂದಿಷ್ಟು ಕಟ್ಟಬೇಕು. ಕೊನೆಯ ಅಕಾಡೆಮಿಯ ವರ್ಷದಿಂದ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಮನೆಯವರು ಬಾಂಡ್ ಬರೆದುಕೊಡಬೇಕು. ತನ್ನ ಇಷ್ಟದಿಂದ ಮಧ್ಯೆ ಬಿಟ್ಟು ಬಂದರೆ ತರಬೇತಿಯ ಖರ್ಚು ಕೇಳುತ್ತಾರೆ.

ತರಬೇತಿಯಲ್ಲಿ ಪೆಟ್ಟಾಗಿ ಮುಂದುವರಿಯಲಾಗದೆ ವಾಪಸ್ ಬರುವ ಕೆಡೆಟ್‌ಗಳೂ ಇದ್ದಾರೆ. ಆ ಹೊತ್ತಿಗೆ ಅವರಿನ್ನೂ ಅಧಿಕಾರಿ ಆಗಿರುವುದಿಲ್ಲ, ಹಾಗಾಗಿ ಮಾಜಿ ಸೈನಿಕರ ಸವಲತ್ತುಗಳೂ ಸಿಗುತ್ತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರ ಇಂಥವರಿಗೂ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ವಿಸ್ತರಿಸಿತು. ಹೆದರಿಸಲು ಹೇಳುತ್ತಿಲ್ಲ. ಸಹಿ ಹಾಕುವ ಅಪ್ಪ ಅಮ್ಮನಿಗೆ ಇದು ಗೊತ್ತಿರಬೇಕು, ಅಷ್ಟೇ.

ಕನ್ನಡಕ ಇದ್ದವರು ಪಿಯುಸಿ ಮೊದಲ ವರ್ಷವೇ ಕಣ್ಣಿನ ಡಾಕ್ಟರ್ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಸಮೇತ ಮಾಡಿಸಿಕೊಳ್ಳಿ. ನಂಬರ್ ಹೋಗಲಿ ಅಂತ ಲೇಸರ್ ಆಪರೇಷನ್ ಮಾಡಿಸಿಕೊಂಡು ಎನ್‌ಡಿಎಗೆ ಹೋಗುವಂತಿಲ್ಲ, ಅದು ಇಪ್ಪತ್ತು ದಾಟಿದ ಮೇಲೆ ಸಿಡಿಎಸ್ ಕಡೆಯವರಿಗೆ ಮಾತ್ರ ಅನ್ವಯಿಸುವ ವಿನಾಯಿತಿ. ಭೂಸೇನೆಗೆ ಹುಡುಗರ ಎತ್ತರ 157 ಸೆಂಟಿಮೀಟರ್ ಸಾಕು, ಪೈಲಟ್‌ಗೆ 163ರ ಹತ್ತಿರ ಬೇಕು. ಓಟಕ್ಕೆ 2.4 ಕಿಲೋಮೀಟರ್‌ ಅನ್ನು 15 ನಿಮಿಷದಲ್ಲಿ ಮುಗಿಸುವ ಅಭ್ಯಾಸ ಮಾಡಿಕೊಂಡು ಬನ್ನಿ ಅಂತ ಎನ್‌ಡಿಎ ಅಧಿಸೂಚನೆಯಲ್ಲೇ ಬರೆದಿರುತ್ತದೆ. ಇಪ್ಪತ್ತು ಪುಷ್‌ಅಪ್, ಎಂಟು ಚಿನ್‌ಅಪ್ ಕೂಡ.

ಎರಡು ಪತ್ರ ಒಟ್ಟಿಗೆ ಬಂದರೆ

ಪಿಸಿಎಂ ಹುಡುಗನಿಗೆ ಎನ್‌ಡಿಎ ಭೂಸೇನೆ ಮತ್ತು ಟಿಇಎಸ್ ಎರಡೂ ಸಿಕ್ಕಿತು ಅನ್ನಿ. ರಜೆಯಲ್ಲಿ ಮಿಕ್ಸಿ ಬಿಚ್ಚಿ ಜೋಡಿಸುವ ಹುಡುಗನಾದರೆ ಕಣ್ಣು ಮುಚ್ಚಿ ಟಿಇಎಸ್. ಎಂಜಿನಿಯರಿಂಗ್ ಡಿಗ್ರಿ ಮುಂದೆ ಯಾವಾಗಲಾದರೂ ಕೈ ಹಿಡಿಯುತ್ತದೆ. ಇನ್‌ಫೆಂಟ್ರಿಯೇ ಬೇಕು, ಮೂರೂ ಪಡೆಯ ಗೆಳೆಯರು ಬೇಕು ಅನ್ನುವವನಿಗೆ ಎನ್‌ಡಿಎ. ಎಲ್ಲ ಸಮ ಅನ್ನಿಸಿದರೆ ಯಾವುದು ಬೇಗ ಶುರುವಾಗುತ್ತದೋ ಅದು. ನೌಕಾಪಡೆಯಲ್ಲಿ ಎನ್‌ಡಿಎ ಮತ್ತು ಎಝಿಮಲ ನಡುವೆ ಬಂದರೆ ನಾನು ಎಝಿಮಲ ಅನ್ನುತ್ತೇನೆ. ಇದಕ್ಕೆ ಒಪ್ಪದ ನಿವೃತ್ತ ಅಧಿಕಾರಿಗಳು ಬೇಕಾದಷ್ಟು ಜನ ಇದ್ದಾರೆ, ಖಡಕ್‌ವಾಸ್ಲಾದ ಮೂರು ವರ್ಷದ ಸ್ನೇಹಕ್ಕೆ ಸಮ ಯಾವುದೂ ಇಲ್ಲ ಅನ್ನುತ್ತಾರೆ. ಅವರ ಮಾತನ್ನೂ ಕೇಳಿ.

ಅರ್ಜಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ಎಸೆಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಿಯುಸಿ ದಾಖಲೆ ಮೂರನ್ನೂ ಮೇಜಿನ ಮೇಲೆ ಇಟ್ಟು ಹೆಸರು ನೋಡಿ. ನಮ್ಮಲ್ಲಿ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಊರಿನ ಹೆಸರು ಸೇರಿರುತ್ತದೆ. ಅಪ್ಪನ ಹೆಸರಿಗೆ ಒಂದು ಕಡೆ 'ಗೌಡ' ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಹುಟ್ಟಿದ ದಿನಾಂಕಕ್ಕೆ ಹತ್ತನೇ ತರಗತಿಯ ದಾಖಲೆಯೇ ಲೆಕ್ಕ, ಅರ್ಜಿಯನ್ನು ಅದರಂತೆಯೇ ತುಂಬಿ. ತಿದ್ದುಪಡಿ ಬೇಕಿದ್ದರೆ ಶಾಲೆ, ಬೋರ್ಡ್, ಆಧಾರ್ ಕೇಂದ್ರ ಅಂತ ಓಡಾಡಲು ತಿಂಗಳುಗಳೇ ಹಿಡಿಯುತ್ತವೆ. ಆ ಕೆಲಸವನ್ನು ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲೇ ಶುರು ಮಾಡಿ.